ಹೊಸ ಸ್ಪೀಕರ್‌ಗೆ ನೂರು ಗಂಟೆಯ ಬ್ರೇಕ್-ಇನ್ ಬೇಕೇ? ಅಳೆದು ನೋಡುವ ಕ್ರಮ

ಹೊಸ ಸ್ಪೀಕರ್ ಜೋಡಿ ಕೈಗೆ ಬಂದಿದ್ದರೆ ಸದ್ಯಕ್ಕೆ ಒಂದನ್ನು ಮಾತ್ರ ದುಡಿಸಿ, ಇನ್ನೊಂದನ್ನು ಹಾಗೇ ಇಟ್ಟಿರಿ. ಹೊಸ ಉಪಕರಣ ಗಂಟೆಗಟ್ಟಲೆ ಹಾಡಿ ಪಳಗಿದ ಮೇಲೆಯೇ ಅದರ ಧ್ವನಿ ಹದಕ್ಕೆ ಬರುತ್ತದೆ ಎನ್ನುತ್ತಾರೆ, ಅದೇ ಬ್ರೇಕ್-ಇನ್. ಅದರ ಕುರಿತ ವಾದಗಳು ಇತ್ಯರ್ಥವಾಗದಿರಲು ಮುಖ್ಯ ಕಾರಣ, ತಾಳೆ ಹಾಕಿ ನೋಡಲು ಹೊಸದರಂತೆಯೇ ಉಳಿದ ಇನ್ನೊಂದು ಉಪಕರಣ ಯಾರ ಬಳಿಯೂ ಇರುವುದಿಲ್ಲ. ನೂರು ಗಂಟೆ ಕಳೆದ ಮೇಲೆ ಮೊದಲ ದಿನದ ಧ್ವನಿ ಉಳಿಯುವುದು ನೆನಪಿನಲ್ಲಿ ಮಾತ್ರ. ಧ್ವನಿಯ ಸೂಕ್ಷ್ಮ ವಿವರಗಳ ಮಟ್ಟಿಗೆ ಆ ನೆನಪಿನ ಆಯುಷ್ಯ ಕೆಲವೇ ಸೆಕೆಂಡು. ಸ್ಪೀಕರ್‌ಗಳು ಜೋಡಿಯಾಗಿ ಬರುವುದರಿಂದ ಈ ಕೊರತೆಯನ್ನು ತುಂಬಿಕೊಳ್ಳುವುದು ಸುಲಭ: ಒಂದು ದುಡಿಯಲಿ, ಇನ್ನೊಂದು ಸಾಕ್ಷಿಯಾಗಿರಲಿ.

ದುಬಾರಿ ಆಡಿಯೋ ಉಪಕರಣಗಳಿಗೆ 50 ಗಂಟೆ, 100 ಗಂಟೆ, ಕೆಲವೊಮ್ಮೆ 300 ಗಂಟೆ ಬ್ರೇಕ್-ಇನ್ ಬೇಕು ಎನ್ನುತ್ತಾರೆ. ಸ್ಪೀಕರ್‌ಗೂ ಅದೇ ಮಾತು, ಕೇಬಲ್‌ಗೂ ಅದೇ ಮಾತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಲುಗಾಡುವ ಭಾಗ ಇರುವಲ್ಲಿ ಬದಲಾವಣೆ ನಿಜವಾಗಿಯೂ ಆಗುತ್ತದೆ. ಆದರೆ ಬೇಗ ಮುಗಿಯುತ್ತದೆ, ಕಿವಿಗೆ ತಲುಪುವ ಹೊತ್ತಿಗೆ ತೀರ ಸಣ್ಣದಾಗಿರುತ್ತದೆ. ಅಲುಗಾಡುವ ಭಾಗವೇ ಇಲ್ಲದಲ್ಲಿ ಜನ ಬ್ರೇಕ್-ಇನ್ ಎನ್ನುವುದು ಹೆಚ್ಚಾಗಿ ಉಪಕರಣ ಕಾವೇರುವುದನ್ನು, ಇಲ್ಲವೇ ಕೇಳುವವರು ಒಗ್ಗಿಕೊಳ್ಳುವುದನ್ನು.

ವೂಫರ್‌ನಲ್ಲಿ ಸಡಿಲವಾಗುವುದು ಏನು

ಸ್ಪೀಕರ್‌ನಲ್ಲಿ ತಳದ ಸ್ವರಗಳನ್ನು ನುಡಿಸುವ ಭಾಗವೇ ವೂಫರ್. ಅದರ ಕೋನ್, ಅಂದರೆ ಗಾಳಿಯನ್ನು ತಳ್ಳುವ ಶಂಕುವಿನಾಕಾರದ ಪೊರೆ, ಎರಡು ಕಡೆ ಆಧಾರ ಪಡೆದು ನಿಂತಿರುತ್ತದೆ. ಹೊರ ಅಂಚಿನಲ್ಲಿ ರಬ್ಬರ್, ಫೋಮ್ ಅಥವಾ ಬಟ್ಟೆಯ ಸರೌಂಡ್. ಹಿಂದೆ, ಕೋನ್ ಅನ್ನು ಆಡಿಸುವ ತಂತಿಸುರುಳಿಯಾದ ವಾಯ್ಸ್ ಕಾಯಿಲ್ ಹತ್ತಿರ, ಅಲೆಅಲೆಯಾಗಿ ಮಡಿಕೆ ಬಿದ್ದ ಬಟ್ಟೆಯ ತಟ್ಟೆ, ಅದೇ ಸ್ಪೈಡರ್. ಈ ಬಟ್ಟೆಯನ್ನು ರೆಸಿನ್‌ನಲ್ಲಿ ಅದ್ದಿ, ಬಿಸಿ ಅಚ್ಚಿನಲ್ಲಿ ಒತ್ತಿ ಗಟ್ಟಿ ಮಾಡಿರುತ್ತಾರೆ. ಕೋನ್ ಮೊದಲ ಸಲ ದೊಡ್ಡದಾಗಿ ಹಿಂದೆ ಮುಂದೆ ಆಡಿದಾಗ ನೂಲುಗಳ ನಡುವಿನ ರೆಸಿನ್ ಅಲ್ಲಲ್ಲಿ ಸೂಕ್ಷ್ಮವಾಗಿ ಬಿರಿದು ಬಿಗಿತ ಇಳಿಯುತ್ತದೆ. ಬಿಗಿತ ಇಳಿದಂತೆ ವೂಫರ್‌ನ ಅನುರಣನ ಆವರ್ತನವೂ (ಅದು ತಾನಾಗಿ ಕಂಪಿಸುವ ಆವರ್ತನ) ಇಳಿಯುತ್ತದೆ. ಸಾಮಾನ್ಯವಾಗಿ ಈ ಇಳಿಕೆ ಶೇ. 10ರ ಆಸುಪಾಸು, ಕೆಲವು ಬಿಗಿ ವೂಫರ್‌ಗಳಲ್ಲಿ ಇನ್ನೂ ಹೆಚ್ಚು.

ಎಲ್ಲರೂ ಎಡವುವುದು ಗಂಟೆಯ ಲೆಕ್ಕದಲ್ಲಿ. ಸ್ಪೈಡರ್ ಸಡಿಲವಾಗುವುದು ಕೋನ್ ಎಷ್ಟು ದೂರ ಚಲಿಸಿತು ಎಂಬುದರಿಂದ, ಎಷ್ಟು ಹೊತ್ತು ಹಾಡಿತು ಎಂಬುದರಿಂದ ಅಲ್ಲ. ಅಷ್ಟೇ ಜೋರಿನ ಧ್ವನಿಗೆ ಆವರ್ತನ ಅರ್ಧಕ್ಕಿಳಿದರೆ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. ಹಾಗಾಗಿ ಮೆಲುದನಿಯಲ್ಲಿ ನೂರು ಗಂಟೆ ಗಾಯನ ಹಾಕಿದರೆ ಕೋನ್ ಒಂದು ಮಿಲಿಮೀಟರ್ ಕೂಡ ಅಲುಗಾಡಿರುವುದಿಲ್ಲ. ತಳದ ಸ್ವರಗಳಿರುವ ಸಂಗೀತವನ್ನು ಒಂದೆರಡು ಗಂಟೆ ತಕ್ಕಮಟ್ಟಿಗೆ ಜೋರಾಗಿ ಹಾಕಿದರೆ ಆಗಬೇಕಾದ ಬದಲಾವಣೆಯ ಬಹುಪಾಲು ಮುಗಿದೇಹೋಗುತ್ತದೆ. ನೂರಾರು ಗಂಟೆಯ ನಂತರವೂ ಸ್ಪೈಡರ್ ಸಡಿಲವಾಗುತ್ತಲೇ ಇದ್ದರೆ ಅದು ಸವೆತ, ಸಂಭ್ರಮಪಡುವಂಥದ್ದಲ್ಲ.

ಶೇ. 10 ಎಂದರೆ ದೊಡ್ಡದೆನಿಸುತ್ತದೆ. ಆದರೆ ಬಾಕ್ಸ್‌ನೊಳಗೆ ಕೂತ ವೂಫರ್‌ನ ಲೆಕ್ಕವೇ ಬೇರೆ. ಮುಚ್ಚಿದ ಬಾಕ್ಸ್‌ನಲ್ಲಿ ಕೋನ್‌ಗೆ ಸಸ್ಪೆನ್ಷನ್ (ಸರೌಂಡ್, ಸ್ಪೈಡರ್ ಎರಡೂ ಸೇರಿ) ಒಂದು ಸ್ಪ್ರಿಂಗ್ ಆದರೆ ಒಳಗಿನ ಗಾಳಿ ಇನ್ನೊಂದು ಸ್ಪ್ರಿಂಗ್. ಗಾಳಿಯ ಸ್ಪ್ರಿಂಗ್ ಸಡಿಲವಾಗುವುದಿಲ್ಲ. ಒಂದು ಉದಾಹರಣೆ ಹಿಡಿಯೋಣ: ಬಿಡಿ ವೂಫರ್‌ನ ಅನುರಣನ 40 ಹರ್ಟ್ಜ್, ಅದರ ವಿಎಎಸ್ (ಸಸ್ಪೆನ್ಷನ್‌ನಷ್ಟೇ ಬಿಗಿತವಿರುವ ಗಾಳಿಯ ಗಾತ್ರ) 40 ಲೀಟರ್, ಬಾಕ್ಸ್ 20 ಲೀಟರ್. ವಿಎಎಸ್‌ ಅನ್ನು ಬಾಕ್ಸ್ ಗಾತ್ರದಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆದು, ಬಿಡಿ ಅನುರಣನದಿಂದ ಗುಣಿಸಿದರೆ ಬಾಕ್ಸ್‌ನೊಳಗಿನ ಅನುರಣನ ಸಿಗುತ್ತದೆ: ಸುಮಾರು 69 ಹರ್ಟ್ಜ್. ಈಗ ಸಸ್ಪೆನ್ಷನ್ ಸಡಿಲವಾಗಿ 40 ಹರ್ಟ್ಜ್ 36ಕ್ಕೆ ಇಳಿಯಿತು ಎನ್ನಿ. ಸಡಿಲವಾದಷ್ಟೂ ವಿಎಎಸ್ ಏರುವುದರಿಂದ ಅದು 49.4 ಲೀಟರ್ ಆಗುತ್ತದೆ. ಮತ್ತೆ ಲೆಕ್ಕ ಹಾಕಿದರೆ 67 ಹರ್ಟ್ಜ್. ಬಿಡಿ ವೂಫರ್‌ನಲ್ಲಿ ಶೇ. 10 ಕಂಡದ್ದು ಬಾಕ್ಸ್‌ನೊಳಗೆ ಶೇ. 3, ಡೆಸಿಬಲ್ ಲೆಕ್ಕದಲ್ಲಿ ಅನುರಣನದ ಸುತ್ತಮುತ್ತ ಸುಮಾರು 0.3. ಸ್ಪೀಕರ್ ಅನ್ನು ಗೋಡೆಯತ್ತ ಒಂದು ಗೇಣು ಸರಿಸಿದರೆ ಆಗುವ ವ್ಯತ್ಯಾಸ ಇದಕ್ಕಿಂತ ಎಷ್ಟೋ ಹೆಚ್ಚು.

ಪೋರ್ಟ್ (ಗಾಳಿ ಒಳಹೊರಗೆ ಆಡುವ ಕೊಳವೆ) ಇರುವ ಬಾಕ್ಸ್‌ನಲ್ಲಿ ಟ್ಯೂನಿಂಗ್ ಆವರ್ತನವನ್ನು, ಅಂದರೆ ಪೋರ್ಟ್‌ನ ಗಾಳಿ ಕಂಪಿಸುವ ಆವರ್ತನವನ್ನು, ತೀರ್ಮಾನಿಸುವುದು ಬಾಕ್ಸ್‌ನ ಗಾತ್ರ, ಪೋರ್ಟ್‌ನ ಉದ್ದ ಮತ್ತು ಬಾಯಿಯ ಅಗಲ. ಸ್ಪೈಡರ್ ಸಡಿಲವಾದರೆ ಅದು ಬದಲಾಗದು. ಅಳತೆಯ ಹೊತ್ತಿಗೆ ಇದು ಉಪಯೋಗಕ್ಕೆ ಬರುತ್ತದೆ.

ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್‌ನ ಚಲನೆ ಮಿಲಿಮೀಟರ್‌ನ ಸಣ್ಣ ಭಾಗವಷ್ಟೇ, ಅದೂ ಅದು ಕೆಲಸ ಮಾಡುವುದು ತನ್ನ ಅನುರಣನಕ್ಕಿಂತ ಸಾಕಷ್ಟು ಮೇಲೆ. "ಮೊದಲು ಟ್ವೀಟರ್ ಚುಚ್ಚುತ್ತಿತ್ತು, ಈಗ ಮೆದುವಾಗಿದೆ" ಎಂಬ ಮಾತು ಕೇಳಿದರೆ ಟ್ವೀಟರ್‌ಗಿಂತ ಮೊದಲು ಕೇಳುವವರ ಕಿವಿ ಒಗ್ಗಿದೆಯೇ ಎಂದು ನೋಡಬೇಕು.

ಕಾವನ್ನು ಬ್ರೇಕ್-ಇನ್ ಎಂದು ಎಣಿಸಬೇಡಿ

ವಾಯ್ಸ್ ಕಾಯಿಲ್‌ನ ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇ. 0.39ರಷ್ಟು ಏರುತ್ತದೆ. ಜೋರಾಗಿ ಹಾಡಿಸಿ ಕಾಯಿಲ್ 50 ಡಿಗ್ರಿ ಕಾವೇರಿದರೆ ರೋಧ ಸುಮಾರು ಶೇ. 20 ಹೆಚ್ಚಿ, ಧ್ವನಿ ಒಂದೂವರೆ ಡೆಸಿಬಲ್ ಇಳಿಯುತ್ತದೆ. ಸಸ್ಪೆನ್ಷನ್‌ನ ರಬ್ಬರ್ ಕೂಡ ಬೆಚ್ಚಗಾದಾಗ ಮೆತ್ತಗಾಗಿ, ರಾತ್ರಿ ತಣ್ಣಗಾದಾಗ ಮತ್ತೆ ಬಿಗಿಯುತ್ತದೆ. ಹಾಡಿಸಿ ನಿಲ್ಲಿಸಿದ ಕೂಡಲೇ ಅಳೆದರೆ ಇವೆಲ್ಲ ಸೇರಿ ದೊಡ್ಡ ಬ್ರೇಕ್-ಇನ್ ಕಂಡಂತಾಗುತ್ತದೆ, ಮರುದಿನ ಬೆಳಿಗ್ಗೆ ಅದರ ಅರ್ಧ ಮಾಯವಾಗಿರುತ್ತದೆ. ಆದ್ದರಿಂದ ಅಳತೆ ಯಾವಾಗಲೂ ಒಂದು ರಾತ್ರಿಯ ವಿಶ್ರಾಂತಿಯ ನಂತರ, ಕೋಣೆಯ ತಾಪಮಾನ ಬರೆದಿಟ್ಟುಕೊಂಡು. ಹೊಸ ಸ್ಪೀಕರ್ ಗೋದಾಮಿನಿಂದ, ಲಾರಿಯಿಂದ ನೇರ ಬಂದದ್ದಾದರೆ ಡಬ್ಬ ತೆರೆದು ಒಂದು ದಿನ ಕೋಣೆಯಲ್ಲಿ ಬಿಟ್ಟ ಮೇಲೆಯೇ ಮೊದಲ ಅಳತೆ.

ಆಂಪ್ಲಿಫೈಯರ್‌ಗಳಿಗೂ ಕಾವಿನ ಮಾತು ಹೊಂದುತ್ತದೆ. ಕ್ಲಾಸ್ ಎ ಎಂಬ ಬಗೆಯ ಆಂಪ್‌ನಲ್ಲಿ ಬಯಾಸ್ ಕರೆಂಟ್ (ಸಿಗ್ನಲ್ ಇಲ್ಲದಾಗಲೂ ಹರಿಯುವ ಕರೆಂಟ್) ಒಂದು ಮಟ್ಟಕ್ಕೆ ನಿಲ್ಲಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕಾಗಬಹುದು. ಇದು ಪ್ರತಿ ದಿನ ಆಗುವಂಥದ್ದು, ಐದು ವರ್ಷ ಹಳೆಯ ಆಂಪ್‌ನಲ್ಲೂ.

ಒಂದನ್ನು ದುಡಿಸಿ, ಒಂದನ್ನು ಬಿಟ್ಟು ಅಳೆಯುವುದು

ಬೇಕಾದ ಸಾಮಾನು: ಒಂದು ಅಳತೆಯ ಮೈಕ್ (ಮಿನಿಡಿಎಸ್‌ಪಿಯ ಯುಮಿಕ್-1 ತರಹದ ಯುಎಸ್‌ಬಿ ಮೈಕ್ ಸಾಕು), ಮೈಕ್ ಸ್ಟ್ಯಾಂಡ್, ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶ, ಮಲ್ಟಿಮೀಟರ್, ಅಂಟುಪಟ್ಟಿ. ಸ್ಪೀಕರ್‌ಗಳ ಹಿಂಬದಿಗೆ 'ಎ', 'ಬಿ' ಎಂದು ಗುರುತು ಅಂಟಿಸಿ. ನೆಲದ ಮೇಲೆ ಸ್ಪೀಕರ್ ಕೂರುವ ಜಾಗಕ್ಕೂ ಪಟ್ಟಿ ಹಚ್ಚಿ. ಎರಡನ್ನೂ ಅದೇ ಜಾಗದಲ್ಲಿ, ಆಂಪ್‌ನ ಅದೇ ಚಾನೆಲ್‌ನಿಂದ, ಅದೇ ಕೇಬಲ್‌ನಲ್ಲಿ ಅಳೆಯಬೇಕು.

ಮೈಕ್ ಅನ್ನು ವೂಫರ್‌ನ ನಟ್ಟನಡುವೆ, ಕೋನ್‌ಗೆ ತೀರ ಹತ್ತಿರ ಇಡಿ. ಆಡಿಯೋ ಎಂಜಿನಿಯರ್ ಕೀಲ್ 1974ರಲ್ಲಿ ವಿವರಿಸಿದ ಸಮೀಪ ಅಳತೆಯ ಈ ವಿಧಾನದಲ್ಲಿ ಮೈಕ್‌ನ ದೂರ ಕೋನ್ ತ್ರಿಜ್ಯದ ಶೇ. 11ರೊಳಗಿದ್ದರೆ ತಪ್ಪು 1 ಡೆಸಿಬಲ್ ಮೀರುವುದಿಲ್ಲ. ಆರೂವರೆ ಇಂಚಿನ ವೂಫರ್‌ಗೆ ಕೋನ್ ತ್ರಿಜ್ಯ ಸುಮಾರು 6.5 ಸೆಂಟಿಮೀಟರ್, ಅಂದರೆ ಮೈಕ್ 7 ಮಿಲಿಮೀಟರ್ ಒಳಗೆ ಬರಬೇಕು. ಅಷ್ಟೇ ದಪ್ಪಕ್ಕೆ ರಟ್ಟಿನ ತುಂಡುಗಳನ್ನು ಅಂಟಿಸಿ ಒಂದು ಅಳತೆಕೋಲು ಮಾಡಿಕೊಂಡರೆ ಪ್ರತಿ ಸಲ ಅದೇ ದೂರ ಸಿಗುತ್ತದೆ. ಇಷ್ಟು ಹತ್ತಿರವಿದ್ದಾಗ ಕೋಣೆಯ ಪ್ರಭಾವ ಬಹುತೇಕ ಇರುವುದಿಲ್ಲ, ಮತ್ತು ನಮಗೆ ಬೇಕಾದದ್ದೂ ತಳದ ಭಾಗವೇ. 20ರಿಂದ 500 ಹರ್ಟ್ಜ್‌ವರೆಗೆ ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಏರುತ್ತಾ ಹೋಗುವ ಪರೀಕ್ಷಾ ಸ್ವರ) ಹಾಕಿ. ಆಂಪ್‌ನ ಔಟ್‌ಪುಟ್ ಒಂದು ವೋಲ್ಟ್ ಮೀರದಿರಲಿ. ಜೋರಾದ ಸ್ವೀಪ್ ತಾನೇ ಒಂದು ಬ್ರೇಕ್-ಇನ್ ಆಗಿಬಿಡುತ್ತದೆ.

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು: ಎ ಸ್ಪೀಕರ್ ಅನ್ನು ಮೂರು ಸಲ ಅಳೆಯಿರಿ, ಪ್ರತಿ ಸಲ ಮೈಕ್ ತೆಗೆದು ಮತ್ತೆ ಇಟ್ಟು. ಬಿ ಸ್ಪೀಕರ್‌ಗೂ ಹಾಗೇ. ಮೂರು ಗ್ರಾಫ್‌ಗಳ ನಡುವೆ ಅರ್ಧ ಡೆಸಿಬಲ್ ವ್ಯತ್ಯಾಸ ಬಂದರೆ ನಿಮ್ಮ ಅಳತೆಯ ತಪ್ಪು ಅಷ್ಟು ಎಂದರ್ಥ, 0.3 ಡೆಸಿಬಲ್‌ನ ಬ್ರೇಕ್-ಇನ್ ಅನ್ನು ಆ ಜೋಡಣೆಯಿಂದ ಹಿಡಿಯಲಾಗದು. ಮೊದಲು ಸ್ಟ್ಯಾಂಡ್ ಅಲುಗದಂತೆ ಮಾಡಿ, ಅಂತರ 0.1ರ ಹತ್ತಿರ ಬರುವವರೆಗೆ ಕೈ ಪಳಗಿಸಿಕೊಳ್ಳಿ. ಎ ಮತ್ತು ಬಿ ನಡುವೆ ಹೊಸದಿದ್ದಾಗಲೇ ಇರುವ ವ್ಯತ್ಯಾಸವೂ ಈ ಹಂತದಲ್ಲಿ ದಾಖಲಾಗುತ್ತದೆ. ಒಂದೇ ದಿನ ತಯಾರಾದ ಎರಡು ವೂಫರ್‌ಗಳ ನಡುವಿನ ಅಂತರವೇ ಬ್ರೇಕ್-ಇನ್‌ಗಿಂತ ದೊಡ್ಡದಾಗಿ ಕಾಣುವುದುಂಟು.

ಬಳಿಕ ಎ ಮಾತ್ರ ದುಡಿಯಲಿ. ಬಿ ಅದೇ ಕೋಣೆಯಲ್ಲಿ, ತಂತಿ ಬಿಚ್ಚಿ, ಅದೇ ತಾಪಮಾನದಲ್ಲಿ ಇರಲಿ. ಮೊದಲ ಎರಡು ಗಂಟೆಯ ನಂತರ ಒಂದು ರಾತ್ರಿ ಬಿಟ್ಟು ಎರಡನ್ನೂ ಅಳೆಯಿರಿ. ಆಮೇಲೆ 10, 30, 100 ಗಂಟೆಗೆ. ಪ್ರತಿ ಸಲವೂ ಬಿ ಅನ್ನು ಅಳೆಯದಿದ್ದರೆ ಈ ಇಡೀ ಕಸರತ್ತಿಗೆ ಅರ್ಥವಿಲ್ಲ. ಬಿ ಕೂಡ 0.3 ಡೆಸಿಬಲ್ ಸರಿದಿದ್ದರೆ ಅದು ಹವೆಯದ್ದೋ ಮೈಕ್‌ನದ್ದೋ ಕೆಲಸ. ಎ ಸರಿದದ್ದರಲ್ಲಿ ಅಷ್ಟನ್ನು ಕಳೆಯಿರಿ.

ಇದಕ್ಕಿಂತ ನಿಖರ ಬೇಕೆಂದರೆ ಮೈಕ್ ಬಿಟ್ಟು ಇಂಪೀಡೆನ್ಸ್ (ಆವರ್ತನಕ್ಕೆ ತಕ್ಕಂತೆ ಬದಲಾಗುವ ವಿದ್ಯುತ್ ತಡೆ) ಅಳೆಯಿರಿ. 100 ಓಮ್‌ನ, ಶೇ. 1 ನಿಖರತೆಯ ಒಂದು ರೆಸಿಸ್ಟರ್ ಮತ್ತು ಎರಡು ಲೈನ್ ಇನ್‌ಪುಟ್ ಇರುವ ಸೌಂಡ್ ಕಾರ್ಡ್ ಇದ್ದರೆ ಅದೇ ತಂತ್ರಾಂಶ ಇಂಪೀಡೆನ್ಸ್ ಗ್ರಾಫ್ ಕೊಡುತ್ತದೆ. ಮುಚ್ಚಿದ ಬಾಕ್ಸ್ ಆದರೆ ತಳದಲ್ಲಿ ಒಂದು ಶಿಖರ; ಅದು ಯಾವ ಹರ್ಟ್ಜ್‌ನಲ್ಲಿ ನಿಂತಿದೆ ಎಂದು ನೋಡಿದರಾಯಿತು. ಪೋರ್ಟ್ ಇದ್ದರೆ ಎರಡು ಶಿಖರ, ನಡುವೆ ಒಂದು ಕಣಿವೆ. ಶಿಖರಗಳು ಸ್ವಲ್ಪ ಸರಿಯಬಹುದು, ಕಣಿವೆ ಸರಿಯಬಾರದು. ಕಣಿವೆಯೂ ಸರಿದಿದ್ದರೆ ಅಳತೆಯಲ್ಲೇ ಏನೋ ಎಡವಟ್ಟಾಗಿದೆ, ಅಥವಾ ಕೋಣೆಯ ತಾಪಮಾನ ಬದಲಾಗಿದೆ. ಸಿಗ್ನಲ್ ಮಟ್ಟವನ್ನು ಪ್ರತಿ ಸಲ ಒಂದೇ ಇಡಿ, ಏಕೆಂದರೆ ಕೋನ್ ಹೆಚ್ಚು ಆಡಿದಷ್ಟೂ ಸ್ಪೈಡರ್‌ನ ಬಿಗಿತ ಬೇರೆಯಾಗಿ ಕಾಣುತ್ತದೆ.

ಕಿವಿಗೆ ಕೇಳುತ್ತದೆಯೇ ಎಂಬ ಪರೀಕ್ಷೆ

ಗ್ರಾಫ್‌ನಲ್ಲಿ ಕಂಡದ್ದೆಲ್ಲ ಕಿವಿಗೆ ಕೇಳಬೇಕೆಂದಿಲ್ಲ. ನೂರು ಗಂಟೆ ದುಡಿದ ಎ, ಹೊಸದರಂತಿರುವ ಬಿ ಎರಡನ್ನೂ ಒಂದಕ್ಕೊಂದು ತಾಗಿಸಿ ಇಟ್ಟು, ಮುಂದೆ ತೆಳು ಬಟ್ಟೆಯ ಪರದೆ ಕಟ್ಟಿ. ಹಾಡು ಮಾನೋ (ಒಂದೇ ಚಾನೆಲ್‌ನದ್ದು) ಆಗಿರಲಿ. ಪಿಂಕ್ ನಾಯ್ಸ್ (ಎಲ್ಲ ಆವರ್ತನಗಳೂ ಬೆರೆತ ಪರೀಕ್ಷಾ ಸದ್ದು) ಹಾಕಿ, ಮೈಕ್ ಅನ್ನು ಕೂರುವ ಜಾಗದಲ್ಲಿಟ್ಟು ಎರಡರ ಮಟ್ಟವನ್ನೂ 0.1 ಅಥವಾ 0.2 ಡೆಸಿಬಲ್ ಒಳಗೆ ಸರಿಹೊಂದಿಸಿ. ಮಟ್ಟ ಸರಿಹೊಂದಿಸದಿದ್ದರೆ ಸ್ವಲ್ಪ ಜೋರಾಗಿರುವುದೇ "ಹೆಚ್ಚು ಸ್ಪಷ್ಟ", "ಹೆಚ್ಚು ಜೀವಂತ" ಎನಿಸುತ್ತದೆ.

ಇನ್ನೊಬ್ಬರು ಪರದೆಯ ಹಿಂದೆ ನಿಂತು ನಾಣ್ಯ ಚಿಮ್ಮಿ, ಬಿದ್ದಂತೆ ಎ ಅಥವಾ ಬಿ ಹಾಕಲಿ. ನೀವು ಯಾವುದೆಂದು ಬರೆಯಿರಿ, ಅವರು ಮಾತಾಡಬಾರದು. 16 ಸುತ್ತು ಮಾಡಿ. ಎಂಟು ಆದ ಮೇಲೆ ಎರಡರ ಜಾಗ ಅದಲು ಬದಲು ಮಾಡಬೇಕು, ಇಲ್ಲವಾದರೆ ನೀವು ಗುರುತಿಸುತ್ತಿರುವುದು ಸ್ಪೀಕರ್ ಅನ್ನೋ ಅದು ಕೂತ ಜಾಗವನ್ನೋ ಗೊತ್ತಾಗದು. ಬರೀ ಊಹೆಯಿಂದ 16ರಲ್ಲಿ 12 ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಸುಮಾರು ಶೇ. 4. ಹಾಗಾಗಿ 12 ಬಂದರೆ ವ್ಯತ್ಯಾಸ ಕೇಳುತ್ತಿದೆ ಎನ್ನಲು ಆಧಾರವಿದೆ. ಹತ್ತು ಬಂದರೆ ಇಲ್ಲ, ಎಷ್ಟೇ ಖಚಿತವೆನಿಸಿದ್ದರೂ. 12 ಬಂದರೂ ಒಂದು ಕೊಂಡಿ ಉಳಿಯುತ್ತದೆ: ಮೊದಲ ದಿನದ ಗ್ರಾಫ್‌ನಲ್ಲೇ ಎ, ಬಿ ಬೇರೆ ಬೇರೆ ಇದ್ದವೇ? ಇದ್ದರೆ ನೀವು ಕೇಳಿದ್ದು ಆ ಹುಟ್ಟು ವ್ಯತ್ಯಾಸವಿರಬಹುದು. ಎ, ಬಿ ಎರಡನ್ನೂ ಕೇಳಿ, ಗುರುತು ಹೇಳದ ಎಕ್ಸ್ ಅವುಗಳಲ್ಲಿ ಯಾವುದೆಂದು ಹೇಳುವ ಎಬಿಎಕ್ಸ್ ಎಂಬ ಇಂಥ ಪರೀಕ್ಷೆಯ ಮೂಲ ರೂಪ ಹೊಸದೇನಲ್ಲ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಮನ್ಸನ್ ಮತ್ತು ಗಾರ್ಡ್‌ನರ್ 1950ರಲ್ಲೇ ಅದನ್ನು ವಿವರಿಸಿದ್ದರು.

ಆಂಪ್, ಡ್ಯಾಕ್, ಕೇಬಲ್

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನಲ್ಲಿ ಮಾತ್ರ ಹೇಳಿಕೊಳ್ಳುವಂಥ ಒಂದು ರಾಸಾಯನಿಕ ಬದಲಾವಣೆ ಇದೆ. ಅದರ ಆಕ್ಸೈಡ್ ಪದರ ವರ್ಷಗಟ್ಟಲೆ ವಿದ್ಯುತ್ ಕಾಣದೆ ಕೂತರೆ ದುರ್ಬಲವಾಗಿ ಸೋರಿಕೆ ಕರೆಂಟ್ ಹೆಚ್ಚುತ್ತದೆ. ವೋಲ್ಟೇಜ್ ಕೊಟ್ಟಾಗ ಪದರ ಮತ್ತೆ ಕಟ್ಟಿಕೊಳ್ಳುತ್ತದೆ. ಹೊಸ ಉಪಕರಣದಲ್ಲಿ ಈ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಫಿಲ್ಮ್ ಕೆಪಾಸಿಟರ್, ರೆಸಿಸ್ಟರ್, ಚಿಪ್‌ಗಳಲ್ಲಿ ಕೇಳುವಂಥದ್ದೇನೂ ಕಳಿತು ಬರುವುದಿಲ್ಲ. ಕೇಬಲ್‌ನಲ್ಲಿ ಬದಲಾಗಲು ಏನೂ ಇಲ್ಲ. ಕೇಬಲ್ ಬದಲಿಸಿದಾಗ ವ್ಯತ್ಯಾಸ ಕೇಳಿದರೆ ಮೊದಲು ಪ್ಲಗ್ ನೋಡಿ: ಕಿಲುಬು ಹಿಡಿದ ಸಂಪರ್ಕವನ್ನು ಕಿತ್ತು ಮತ್ತೆ ಚುಚ್ಚುವಾಗ ಅದು ಉಜ್ಜಿ ಶುಚಿಯಾಗುತ್ತದೆ. ಕೇಬಲ್‌ಗಳನ್ನು "ಬೇಯಿಸುವ" ಯಂತ್ರಕ್ಕೆ ಕೊಡುವ ದುಡ್ಡು ದಂಡ.

ಡಿಜಿಟಲ್ ಸಿಗ್ನಲ್ ಅನ್ನು ಅನಲಾಗ್‌ಗೆ ಬದಲಿಸುವ ಡ್ಯಾಕ್ ಬಗ್ಗೆ ಅನುಮಾನವಿದ್ದರೆ ಇನ್ನೂ ಸುಲಭ. ಮೊದಲ ದಿನವೇ ಅದರ ಅನಲಾಗ್ ಔಟ್‌ಪುಟ್ ಅನ್ನು ಒಳ್ಳೆಯ ಸೌಂಡ್ ಕಾರ್ಡ್‌ಗೆ ಕೊಟ್ಟು, ಒಂದೇ ಹಾಡನ್ನು 24 ಬಿಟ್‌ನಲ್ಲಿ ಎರಡು ಸಲ ರೆಕಾರ್ಡ್ ಮಾಡಿ. 200 ಗಂಟೆಯ ನಂತರ ಅದೇ ಸೆಟ್ಟಿಂಗ್‌ನಲ್ಲಿ ಮತ್ತೊಮ್ಮೆ. ಡೆಲ್ಟಾವೇವ್ ಎಂಬ ಉಚಿತ ತಂತ್ರಾಂಶ ಎರಡು ರೆಕಾರ್ಡಿಂಗ್‌ಗಳನ್ನು ಕಾಲಕ್ಕೂ ಮಟ್ಟಕ್ಕೂ ಹೊಂದಿಸಿ, ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದನ್ನು ತೋರಿಸುತ್ತದೆ. ಮೊದಲ ದಿನದ ಎರಡು ರೆಕಾರ್ಡಿಂಗ್‌ಗಳ ನಡುವೆ ಎಷ್ಟು ಉಳಿಯಿತೋ ಅಷ್ಟೇ 200 ಗಂಟೆಯ ನಂತರವೂ ಉಳಿದರೆ ಡ್ಯಾಕ್ ಬದಲಾಗಿಲ್ಲ.

ಟ್ಯೂಬ್ ಆಂಪ್ ಇಲ್ಲಿ ಅಪವಾದ. ಹೊಸ ಪವರ್ ಟ್ಯೂಬ್‌ಗಳು ಆರಂಭದಲ್ಲಿ ಸ್ವಲ್ಪ ಅತ್ತಿತ್ತ ಸರಿಯುತ್ತವೆ. ಬಯಾಸ್ ಹೊಂದಿಸುವ ಸೌಲಭ್ಯವಿದ್ದರೆ ಅರ್ಧ ಗಂಟೆ ಕಾಯಿಸಿ ಹೊಂದಿಸಿ, ಇಪ್ಪತ್ತು ಗಂಟೆ ಬಳಸಿದ ಮೇಲೆ ಮತ್ತೆ ನೋಡಿ. ಸ್ಪೀಕರ್ ಜೋಡಿಸದೆ ಸಿಗ್ನಲ್ ಕೊಟ್ಟು "ಬರ್ನ್-ಇನ್" ಮಾಡಲು ಹೋಗಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಪವರ್ ಟ್ಯೂಬ್‌ಗಳ ಆಯುಷ್ಯವೇ ಕೆಲವು ಸಾವಿರ ಗಂಟೆ, ಅದರಲ್ಲಿ ಇನ್ನೂರನ್ನು ಖಾಲಿ ಕೋಣೆಗೆ ಹಾಡಿಸಿ ಕಳೆಯುವುದು ನಷ್ಟ. ರೆಕಾರ್ಡ್ ಪ್ಲೇಯರ್‌ನ ಕಾರ್ಟ್ರಿಡ್ಜ್‌ಗೂ ಇದೇ ಮಾತು: ಒಳಗಿನ ರಬ್ಬರ್ ಡ್ಯಾಂಪರ್ ಮೊದಲ ಗಂಟೆಗಳಲ್ಲಿ ಸ್ವಲ್ಪ ಮೆತ್ತಗಾಗುವುದು ನಿಜ, ಹಾಗೆಂದು ಸೂಜಿಯನ್ನು ಸುಮ್ಮನೆ ಸವೆಸಬಾರದು. ನಿಮ್ಮ ಪಾಡಿಗೆ ಕೇಳುತ್ತಾ ಹೋಗಿ, 30 ಗಂಟೆಯ ಸುಮಾರಿಗೆ ಟ್ರ್ಯಾಕಿಂಗ್ ತೂಕವನ್ನೂ ತೋಳಿನ ಎತ್ತರವನ್ನೂ ಮತ್ತೆ ಪರೀಕ್ಷಿಸಿ.

ಹೆಡ್‌ಫೋನ್‌ನಲ್ಲಿ ಡ್ರೈವರ್‌ಗಿಂತ ಕಿವಿಯ ಮೆತ್ತೆಗಳೇ ಹೆಚ್ಚು ಬದಲಾಗುತ್ತವೆ. ತಲೆಗೆ ಒತ್ತಿ ಒತ್ತಿ ಮೆತ್ತೆ ಕುಸಿದಾಗ ಡ್ರೈವರ್ ಕಿವಿಗೆ ಹತ್ತಿರ ಬರುತ್ತದೆ, ಅಂಚಿನ ಸೋರಿಕೆ ಬದಲಾಗುತ್ತದೆ, ತಳದ ಸ್ವರವೂ ಬದಲಾಗುತ್ತದೆ. ಅದು ತಲೆಯ ಮೇಲಿದ್ದರೆ ಮಾತ್ರ ಆಗುವಂಥದ್ದು; ರಾತ್ರಿಯಿಡೀ ಮೇಜಿನ ಮೇಲೆ ಪಿಂಕ್ ನಾಯ್ಸ್ ಹಾಕಿಟ್ಟರೆ ಆಗದು.

ಆದರೂ ಮಾಡಿಬಿಡೋಣ ಎನ್ನುವವರಿಗೆ

ಪರೀಕ್ಷೆ ಮುಗಿದ ಮೇಲೆ, ಅಥವಾ ಪರೀಕ್ಷೆ ಬೇಡವೆಂದಾದರೆ, ಸದ್ದಿಲ್ಲದೆ ಎರಡನ್ನೂ ಒಟ್ಟಿಗೆ ದುಡಿಸುವ ಉಪಾಯವಿದೆ. ಸ್ಪೀಕರ್‌ಗಳನ್ನು ಎದುರುಬದುರು, ಎರಡು ಮೂರು ಸೆಂಟಿಮೀಟರ್ ಅಂತರದಲ್ಲಿಡಿ. ಆಂಪ್ ಆಫ್ ಮಾಡಿ, ಒಂದರ ಹಿಂದೆ ಮಾತ್ರ ಪ್ಲಸ್ ಮೈನಸ್ ತಂತಿಗಳನ್ನು ಅದಲು ಬದಲು ಮಾಡಿ. ಮಾನೋ ಸಿಗ್ನಲ್ ಹಾಕಿದರೆ ಒಂದರ ಕೋನ್ ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಸರಿಯುತ್ತದೆ, ತಳದ ಸ್ವರದ ಬಹುಪಾಲು ಪರಸ್ಪರ ರದ್ದಾಗುತ್ತದೆ. ಮೇಲೊಂದು ಕಂಬಳಿ ಹೊದಿಸಿದರೆ ಮೇಲಿನ ಸ್ವರಗಳೂ ತಗ್ಗುತ್ತವೆ. ಆಂಪ್‌ ಮೇಲೆ, ಅಥವಾ ಒಳಗೇ ಆಂಪ್ ಇರುವ ಸ್ಪೀಕರ್‌ನ ಹಿಂಬದಿಗೆ ಮಾತ್ರ ಕಂಬಳಿ ಬೀಳಬಾರದು. ಪಿಂಕ್ ನಾಯ್ಸ್‌ಗಿಂತ ತಳದ ಸ್ವರ ತುಂಬಿದ ಸಂಗೀತ ಒಳ್ಳೆಯದು, ಟ್ವೀಟರ್‌ಗೆ ನಿರಂತರ ಭಾರ ಬೀಳುವುದಿಲ್ಲ. ಸದ್ದು ಕಡಿಮೆ ಕೇಳುತ್ತಿದೆ ಎಂದು ವಾಲ್ಯೂಮ್ ಏರಿಸುವುದೇ ಇಲ್ಲಿ ಆಗುವ ದೊಡ್ಡ ಅನಾಹುತ. ಸುಟ್ಟ ಟ್ವೀಟರ್‌ಗಳಲ್ಲಿ ಹಲವು ಹೀಗೆ ಹೋದವು. ಜೋಡಿಸುವ ಮೊದಲು ಮಾಮೂಲಾಗಿ ಕೇಳುವಾಗ ಎಲ್ಲಿತ್ತೋ ಅಲ್ಲೇ ವಾಲ್ಯೂಮ್ ಇರಲಿ. ಪೋರ್ಟ್ ಇರುವ ಸ್ಪೀಕರ್‌ಗೆ ಟ್ಯೂನಿಂಗ್‌ಗಿಂತ ಕೆಳಗಿನ ಶುದ್ಧ ಸ್ವರ ಕೊಡಬೇಡಿ, ಅಲ್ಲಿ ಕೋನ್‌ಗೆ ಗಾಳಿಯ ತಡೆಯೇ ಇಲ್ಲದೆ ಮಿತಿ ಮೀರಿ ಹಾರುತ್ತದೆ. ಮೂರು ನಾಲ್ಕು ಗಂಟೆ ಸಾಕು. ಮುಗಿದ ಮೇಲೆ ತಂತಿಗಳನ್ನು ಮೊದಲಿನಂತೆ ಜೋಡಿಸಿ. ಇದನ್ನು ಮರೆತು "ಬ್ರೇಕ್-ಇನ್ ಆದ ಮೇಲೆ ಬೇಸ್ ಹೋಯಿತು" ಎಂದು ದೂರುವವರು ಇದ್ದಾರೆ.

ಮೊದಲ ವಾರಗಳಲ್ಲಿ ಹೆಚ್ಚು ಬಳಸುವುದಕ್ಕೆ ಧ್ವನಿಗಿಂತ ಗಟ್ಟಿಯಾದ ಇನ್ನೊಂದು ಕಾರಣವಿದೆ: ತಯಾರಿಕೆಯ ದೋಷವಿರುವ ಭಾಗಗಳು ಕೈಕೊಡುವುದು ಹೆಚ್ಚಾಗಿ ಆರಂಭದಲ್ಲೇ. ಹಾಗಾಗಿ ವಾಪಸ್ ಕೊಡುವ ಗಡುವಿನೊಳಗೆ ಎಲ್ಲ ಇನ್‌ಪುಟ್‌ಗಳನ್ನೂ ಬಳಸಿ ನೋಡಿ. ಟ್ರಾನ್ಸಿಸ್ಟರ್ ಆಂಪ್ ಆದರೆ ಅರ್ಧ ಗಂಟೆ ಕಾಯಿಸಿ, ಸ್ಪೀಕರ್ ಬಿಚ್ಚಿ, ವಾಲ್ಯೂಮ್ ಸೊನ್ನೆಗಿಟ್ಟು ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ, 100 ದಾಟಿದರೆ ತೋರಿಸಬೇಕು. ವೂಫರ್‌ಗಳಿಗೆ 20ರಿಂದ 200 ಹರ್ಟ್ಜ್ ಸ್ವೀಪ್ ಮೆಲ್ಲಗೆ ಹಾಕಿ, ಗರಗರ ಉಜ್ಜುವ ಸದ್ದು ಬಂದರೆ ಕಾಯಿಲ್ ಓರೆಯಾಗಿದೆ ಎಂದು ತಿಳಿಯಿರಿ. ನೂರು ಗಂಟೆ ಹಾಡಿಸಿದರೂ ಅದು ಸರಿಹೋಗದು. ಧ್ವನಿಯೇ ಹಿಡಿಸದಿದ್ದಾಗ "ಇನ್ನೂ ಇನ್ನೂರು ಗಂಟೆ ಬಿಡಿ, ತೆರೆದುಕೊಳ್ಳುತ್ತದೆ" ಎಂಬ ಉತ್ತರ ಬಂದರೆ ಗಡುವಿನ ದಿನಾಂಕ ನೋಡಿ, ಒಂದು ವಾರ ಬಾಕಿ ಇರುವಾಗಲೇ ವಾಪಸ್ ಕೊಡಿ.